ಮುದ್ರಿತ ಕಟ್ಟು, ಅಮೆರಿಕದ ಕರಡು, ಎರಡು ಪುಟದ ಜಂಟಿ ಮೆಮೊ: ಮೂರನ್ನೂ ಬಳಸಿ ನೋಡಿದ ಮೇಲೆ

ಬೆಂಗಳೂರಿನ ವಾಣಿಜ್ಯ ನ್ಯಾಯಾಲಯಗಳಲ್ಲಿ ನಾನು ನಡೆಸುವ ದಾವೆಗಳು ಈಗ ಬಹುಪಾಲು ಇಮೇಲ್, ವಾಟ್ಸ್‌ಆ್ಯಪ್ ಮತ್ತು ಎಕ್ಸೆಲ್ ಕಡತಗಳ ಮೇಲೆಯೇ ನಿಂತಿವೆ. ಇವುಗಳನ್ನು ಎದುರು ಪಕ್ಷದೊಡನೆ ಯಾವ ರೂಪದಲ್ಲಿ ವಿನಿಮಯ ಮಾಡಿಕೊಳ್ಳಬೇಕು ಎಂಬುದಕ್ಕೆ ಮೂರು ದಾರಿ ಹಿಡಿದು ನೋಡಿದ್ದೇನೆ. ಒಂದು, ಒಪ್ಪಂದವೇ ಇಲ್ಲದೆ ಮುದ್ರಿತ ಪ್ರತಿ. ಇನ್ನೊಂದು, ಅಮೆರಿಕದ ಮಾದರಿಯ ದೀರ್ಘ ಒಪ್ಪಂದ. ಕೊನೆಯದು, ಎರಡು ಪುಟದ ಜಂಟಿ ಮೆಮೊ, ಅಂದರೆ ಎರಡೂ ಪಕ್ಷಗಳು ಸೇರಿ ಬರೆದುಕೊಳ್ಳುವ ಒಪ್ಪಿಗೆ ಪತ್ರ. ನನ್ನ ಮತ ಕೊನೆಯದಕ್ಕೆ.

ಮುದ್ರಿತ ಪ್ರತಿಗೆ ಕಾನೂನಿನ ಬೆಂಬಲವಿದೆ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಮಾಡಿದ ಬದಲಾವಣೆಯಂತೆ, 11ನೇ ಆದೇಶದ 6ನೇ ನಿಯಮದಡಿ ವಿದ್ಯುನ್ಮಾನ ದಾಖಲೆಯ ಪ್ರಿಂಟ್‌ಔಟ್ ಕೊಟ್ಟರೆ ಸಾಕು. ಇಮೇಲ್ ಖಾತೆ ಯಾರದು, ಯಾರ ಸುಪರ್ದಿಯಲ್ಲಿತ್ತು, ಯಾವಾಗ ಮುದ್ರಿಸಿದ್ದು ಎಂಬ ವಿವರಗಳನ್ನು ಪ್ರಮಾಣ ಮಾಡಿ ಹೇಳಬೇಕು, ಅಷ್ಟೆ. ಐದಾರು ಇನ್‌ವಾಯ್ಸ್, ಹತ್ತಿಪ್ಪತ್ತು ಇಮೇಲ್ ಇರುವ ಬಾಕಿ ವಸೂಲಿ ದಾವೆಗೆ ಇದೇ ಸರಿ. 2018ರ ತಿದ್ದುಪಡಿಯ ನಂತರ 3 ಲಕ್ಷ ರೂಪಾಯಿಯ ವ್ಯಾಜ್ಯವೂ ಈ ನ್ಯಾಯಾಲಯಗಳಿಗೆ ಬರುತ್ತದೆ. ಅಷ್ಟು ಸಣ್ಣ ದಾವೆಗೆ ಒಪ್ಪಂದದ ಮಾತುಕತೆ ನಡೆಸುವುದು ಕಕ್ಷಿದಾರನ ಹಣ ಪೋಲು ಮಾಡಿದಂತೆ.

ಈ ದಾರಿ ನನಗೆ ಕೈಕೊಟ್ಟದ್ದು ಯಂತ್ರೋಪಕರಣ ಪೂರೈಕೆಯ ಒಂದು ದಾವೆಯಲ್ಲಿ. ಎದುರು ಪಕ್ಷದವರು ಕೊಟ್ಟ ಕಟ್ಟಿನಲ್ಲಿ ಒಂದೇ ಎಕ್ಸೆಲ್ ಹಾಳೆ ನಲವತ್ತು ಪುಟಕ್ಕೆ ಹರಡಿತ್ತು. ಬಲಗಡೆಯ ಕಾಲಂಗಳು ಎಲ್ಲೋ ಹಿಂದಿನ ಪುಟಗಳಿಗೆ ಹೋಗಿ ಸೇರಿದ್ದವು. ಮೊತ್ತ ಇರಬೇಕಾದ ಕಡೆ, ಕಾಲಂ ಕಿರಿದಾದ್ದರಿಂದ, ‘####’ ಎಂದು ಸಾಲುಸಾಲಾಗಿ ಅಚ್ಚಾಗಿತ್ತು. ನಮ್ಮ ಇಡೀ ವಾದ ನಿಂತಿದ್ದದ್ದು ತುಕ್ಕು ಹಿಡಿದ ಬೇರಿಂಗ್‌ನ ಒಂದು ಫೋಟೊ ಮೇಲೆ. ವಾಟ್ಸ್‌ಆ್ಯಪ್ ಸಂಭಾಷಣೆಯ ಪ್ರತಿಯಲ್ಲಿ ಅದರ ಜಾಗದಲ್ಲಿ ‘ಮೀಡಿಯಾ ಒಮಿಟೆಡ್’ ಎಂದಷ್ಟೇ ಇತ್ತು. ಮೂಲ ಕಡತ ಕೇಳಿದಾಗ ಅವರು ಅದೇ 6ನೇ ನಿಯಮವನ್ನು ತೋರಿಸಿದರು: ಪ್ರತಿಗಳನ್ನು ಮೂಲ ದಾಖಲೆಯಿಂದಲೇ ತೆಗೆದದ್ದು ಎಂದು ಘೋಷಿಸಿದವರು ಮೂಲವನ್ನು ಪರಿಶೀಲನೆಗೆ ಒಪ್ಪಿಸಬೇಕಾಗಿಲ್ಲ. ಮೆಟಾಡೇಟಾ (ಕಡತವನ್ನು ಯಾರು, ಯಾವಾಗ ಮಾಡಿದರು ಎಂಬಂಥ ಒಳವಿವರ) ಮತ್ತು ಲಾಗ್ (ಗಣಕಯಂತ್ರ ತಾನೇ ಬರೆದಿಡುವ ಬಳಕೆಯ ದಾಖಲೆ) ಒದಗಿಸುವಂತೆ ನಿರ್ದೇಶನ ಕೋರಲು ಅಲ್ಲೇ ಅವಕಾಶವಿದೆ. ಅರ್ಜಿ ಹಾಕಿದೆವು. ಆಕ್ಷೇಪಣೆ, ವಾದ, ಮುಂದೂಡಿಕೆ ಎಂದು ತಿಂಗಳುಗಳೇ ಸರಿದವು. ಕಾರ್ಖಾನೆ ನಿಲ್ಲಿಸಿಕೊಂಡು ಕುಳಿತಿದ್ದ ಕಕ್ಷಿದಾರರಿಗೆ ಪ್ರತಿ ಮುದ್ದತಿನ ನಂತರ ಅದನ್ನು ವಿವರಿಸುವುದು ನನಗೆ ಬಹಳ ಕಷ್ಟವಾಗಿತ್ತು.

ಅಮೆರಿಕದ ಕರಡು ನನ್ನ ಮೇಜಿಗೆ ಬಂದದ್ದು ಸಾಫ್ಟ್‌ವೇರ್ ಸೇವೆಯ ಬಿಲ್ಲಿನ ವ್ಯಾಜ್ಯದಲ್ಲಿ. ಪ್ರತಿವಾದಿ ಅಲ್ಲಿನ ಕಂಪನಿ. ಅವರ ಅಲ್ಲಿನ ವಕೀಲರು ಮೂವತ್ತು ಪುಟ ಕಳುಹಿಸಿದ್ದರು. ಅವರಿಗೆ ಅದು ದಿನನಿತ್ಯದ ಕೆಲಸ. ಫೆಡರಲ್ ಸಿವಿಲ್ ನಿಯಮಗಳ 26(ಎಫ್) ಪ್ರಕಾರ ಎರಡೂ ಕಡೆಯ ವಕೀಲರು ಆರಂಭದಲ್ಲೇ ಕೂತು ವಿದ್ಯುನ್ಮಾನ ದಾಖಲೆಗಳ ಬಗ್ಗೆ ಮಾತನಾಡಬೇಕು. ಉತ್ತರ ಕ್ಯಾಲಿಫೋರ್ನಿಯಾದ ಜಿಲ್ಲಾ ನ್ಯಾಯಾಲಯ ಇದಕ್ಕಾಗಿ ಮಾದರಿ ಆದೇಶವನ್ನೇ ಪ್ರಕಟಿಸಿದೆ. ಯಾರ ಯಾರ ಇಮೇಲ್ ಪೆಟ್ಟಿಗೆ ಹುಡುಕಬೇಕು, ಯಾವ ಪದ ಹಾಕಿ ಹುಡುಕಬೇಕು, ನಕಲುಗಳನ್ನು ಹೇಗೆ ಕಳೆಯಬೇಕು ಎಂಬ ಎಲ್ಲವೂ ಆ ಕರಡಿನಲ್ಲಿದ್ದವು. ಅದರಿಂದ ನಾನು ಕಲಿತದ್ದು ಬಹಳ. ಆದರೆ ನಮ್ಮ ದಾವೆಗೆ ಅದು ಹೊಂದಲಿಲ್ಲ. ಅಲ್ಲಿ ದಾಖಲೆಗಳ ದೊಡ್ಡ ವಿನಿಮಯ ನಡೆಯುವುದು ದಾವೆ ಶುರುವಾದ ಮೇಲೆ. ಇಲ್ಲಿ ವಾದಿ ತನ್ನ ಬಳಿಯಿರುವ ದಾಖಲೆಗಳನ್ನು ವಾದಪತ್ರದ ಜೊತೆಗೇ ಹಾಕಬೇಕು. ಪ್ರತಿವಾದಿಯ ಲಿಖಿತ ಹೇಳಿಕೆಗೆ ಸಮನ್ಸ್ ಜಾರಿಯಾದಂದಿನಿಂದ 120 ದಿನ ಮೀರುವಂತಿಲ್ಲ. ಹುಡುಕುಪದಗಳ ಚೌಕಾಸಿಯಲ್ಲೇ ಆರು ವಾರ ಹೋಯಿತು. ತಪ್ಪಿ ಕೊಟ್ಟ ವಕೀಲ–ಕಕ್ಷಿದಾರ ಪತ್ರವನ್ನು ಹಿಂದಿರುಗಿಸುವ ಕಲಮಿಗೆ ಅಲ್ಲಿ ಸಾಕ್ಷ್ಯ ನಿಯಮ 502(ಡಿ) ಅಡಿ ನ್ಯಾಯಾಲಯದ ಆದೇಶದ ಬಲ ಸಿಗುತ್ತದೆ. ನಾವು ಇಲ್ಲಿ ಅದನ್ನು ಬರೆದುಕೊಂಡಾಗ ಅದರ ಹಿಂದೆ ಇದ್ದದ್ದು ಪರಸ್ಪರರ ಮಾತು ಮಾತ್ರ.

ಒಂದು ಸಾಲನ್ನು ಮಾತ್ರ ಆ ಕರಡಿನಿಂದ ಎತ್ತಿಕೊಂಡು ಇಂದಿಗೂ ಬಳಸುತ್ತೇನೆ: ಎಲ್ಲ ಇಮೇಲ್‌ಗಳ ಸಮಯವನ್ನು ಒಂದೇ ಕಾಲವಲಯದಲ್ಲಿ ತೋರಿಸಬೇಕು. ಅವರ ಪ್ರತಿಯಲ್ಲಿ ಮಾರ್ಚ್ 31ರ ರಾತ್ರಿ 11.40 ಎಂದು ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯ) ಇದ್ದ ನೋಟಿಸ್, ನಮ್ಮ ಪೆಟ್ಟಿಗೆಯಲ್ಲಿ ಏಪ್ರಿಲ್ 1ರ ಬೆಳಗಿನ 5.10ಕ್ಕೆ ಬಂದಿತ್ತು. ಕರಾರು ಮುಗಿಯುವ ದಿನ ಮಾರ್ಚ್ 31.

ಈಗ ನಾನು ಮಾಡುವುದು ಜಂಟಿ ಮೆಮೊ. 6ನೇ ನಿಯಮವೇ ಪ್ರಿಂಟ್‌ಔಟ್ ಜೊತೆಗೆ ಅಥವಾ ಅದರ ಬದಲು ವಿದ್ಯುನ್ಮಾನ ಪ್ರತಿ ಕೊಡುವುದನ್ನು ಪಕ್ಷಗಳ ವಿವೇಚನೆಗೆ ಬಿಟ್ಟಿದೆ. ಆ ವಿವೇಚನೆಯನ್ನು ಬರಹಕ್ಕಿಳಿಸುತ್ತೇವೆ. ಎಕ್ಸೆಲ್, ಫೋಟೊ, ಧ್ವನಿಮುದ್ರಣಗಳನ್ನು ಮೂಲ ರೂಪದಲ್ಲೇ ಕೊಡಬೇಕು. ಇಮೇಲ್ ಕೊಟ್ಟರೆ ಅದರ ಲಗತ್ತುಗಳೂ ಜೊತೆಗಿರಬೇಕು. ಪ್ರತಿ ಕಡತಕ್ಕೂ ಎಸ್‌ಎಚ್‌ಎ-256 ಹ್ಯಾಶ್ ಪಟ್ಟಿ ಬೇಕು; ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ತೆಗೆಯುವ ಬೆರಳಚ್ಚಿನಂಥ ಸಂಕೇತ, ಕಡತ ಸ್ವಲ್ಪ ಬದಲಾದರೂ ಅದು ಬದಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಹಟ ಹಿಡಿದು ಸೇರಿಸುವ ಕಲಮು ಇನ್ನೊಂದಿದೆ: ಹ್ಯಾಶ್ ತಾಳೆಯಾದ ಕಡತದ ಅಸ್ತಿತ್ವವನ್ನು ಯಾರೂ ನಿರಾಕರಿಸುವುದಿಲ್ಲ, ಅದರೊಳಗಿನ ಮಾತು ನಿಜವೋ ಸುಳ್ಳೋ ಎಂಬ ವಾದ ಮಾತ್ರ ಮುಕ್ತ. ಎದುರಿನ ವಕೀಲರು ಮೊದಲು ಇದಕ್ಕೆ ಹಿಂಜರಿಯುತ್ತಾರೆ. ಕಲಮು ಎರಡೂ ಕಡೆಗೆ ಅನ್ವಯಿಸುತ್ತದೆ, ನಿಮ್ಮ ಇಮೇಲ್‌ಗಳಿಗೂ ಅದೇ ರಕ್ಷಣೆ ಎಂದು ತೋರಿಸಿದ ಮೇಲೆ ಹೆಚ್ಚಿನವರು ಒಪ್ಪಿದ್ದಾರೆ. ಮಾತು ತೆಗೆಯಲು ಒಳ್ಳೆಯ ಸಮಯ ದಾವೆಗೆ ಮುಂಚಿನ ಮಧ್ಯಸ್ಥಿಕೆ. ತುರ್ತು ಪರಿಹಾರ ಬೇಡದ ದಾವೆಗಳಿಗೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಡಿ ಅದು ಕಡ್ಡಾಯ. ಮುಖ್ಯ ಜಗಳ ಬಗೆಹರಿಯದಿದ್ದರೂ ಅಲ್ಲಿ ಎರಡೂ ಕಡೆಯವರು ಎದುರುಬದುರು ಕುಳಿತಿರುತ್ತಾರೆ.

ಮೆಮೊ ಇದೆಯೆಂದು, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸುವಾಗ ಜೊತೆಗೆ ಕೊಡಬೇಕಾದ ಪ್ರಮಾಣಪತ್ರ ಬಿಡುವಂತಿಲ್ಲ. ಅದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಹೇಳಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ಪ್ರಮಾಣಪತ್ರವನ್ನು ಎರಡು ಭಾಗ ಮಾಡಿ, ಪರಿಣತರ ಸಹಿಯನ್ನೂ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ. ಹೇಗೂ ಹ್ಯಾಶ್ ತೆಗೆಯಲೇಬೇಕು; ಮೆಮೊಗೆ ಅದೇ ಪಟ್ಟಿ ಸಾಕು.

ಕಳೆದ ಬಾರಿ ವಿನಿಮಯದ ದಿನ ಎರಡೂ ಕಚೇರಿಗಳ ಕಿರಿಯ ವಕೀಲರು ಒಂದೇ ಮೇಜಿನಲ್ಲಿ ಕೂತು ಪಟ್ಟಿ ತಾಳೆ ನೋಡಿದರು. ನಮ್ಮ ನಾಲ್ಕು ಕಡತಗಳು ಹೊಂದಲಿಲ್ಲ. ಕಕ್ಷಿದಾರರ ಲೆಕ್ಕಿಗರು ಪೆನ್‌ಡ್ರೈವ್‌ಗೆ ಹಾಕುವ ಮೊದಲು ಆ ಎಕ್ಸೆಲ್‌ಗಳನ್ನು ತೆರೆದು, ಕಾಲಂ ಅಗಲ ಮಾಡಿ, ಉಳಿಸಿದ್ದರು. ಸರ್ವರ್‌ನಿಂದ ಹೊಸದಾಗಿ ನಕಲು ತರಿಸಿದೆವು. ಸಂಜೆ ಐದರೊಳಗೆ ಎರಡೂ ಕಡೆಯವರು ಪಟ್ಟಿಗೆ ಸಹಿ ಹಾಕಿದರು.