ಅನ್ಯೆಹೋ ಶಾರ್ಕ್ ಮೇಲೋ, ಪಾದ್ರೋನ್ 1964 ಮೇಲೋ?

ಅಮೆರಿಕದ ಸಿಗಾರ್ ಅಂಗಡಿಗಳಲ್ಲಿ ಅರ್ತುರೋ ಫುಯೆಂತೆ ಕಂಪನಿಯ ಅನ್ಯೆಹೋ ಸಿಗಾರ್ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ 'ಇಲ್ಲ'. ಕ್ರಿಸ್‌ಮಸ್ ಹೊತ್ತಿಗೆ, ಆಮೇಲೆ ಫಾದರ್ಸ್ ಡೇ ಹೊತ್ತಿಗೆ ಒಂದಿಷ್ಟು ಬರುತ್ತವೆ. ಬಂದದ್ದು ಗಲ್ಲಾದ ಹಿಂದೆ ಸೇರಿಕೊಳ್ಳುತ್ತದೆ, ತಲೆಗೆ ಒಂದೋ ಎರಡೋ ಅಷ್ಟೇ. ಪಾದ್ರೋನ್ ಕಂಪನಿಯ 1964 ಆನಿವರ್ಸರಿ ಮಡೂರೋ (ಮಡೂರೋ ಅಂದರೆ ಕಪ್ಪು ಹೊರ ಎಲೆಯದು) ಹಾಗಲ್ಲ. ದುಬಾರಿ ಹೌದು, ಆದರೆ ಕೇಳಿದಾಗ ಸಿಗುತ್ತದೆ. ಎರಡನ್ನೂ ಒಂದೇ ಹ್ಯುಮಿಡಾರ್‌ನಲ್ಲಿ, ಅಂದರೆ ಸಿಗಾರ್ ಒಣಗದಂತೆ ತೇವ ಕಾಯುವ ಪೆಟ್ಟಿಗೆಯಲ್ಲಿಟ್ಟು, ಬೇರೆ ಬೇರೆ ದಿನ, ಊಟವಾದ ಮೇಲೆ, ಪಕ್ಕದಲ್ಲಿ ಬರೀ ನೀರಿಟ್ಟುಕೊಂಡು ಸೇದಿ ನೋಡಿದೆ. ಸೇದುವುದು ಅಂದರೆ ಬಾಯಿಯವರೆಗೆ ಮಾತ್ರ. ಸಿಗಾರ್ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಿಲ್ಲ.

ಅನ್ಯೆಹೋ ಹುಟ್ಟಿದ್ದೇ ಒಂದು ಅನಾಹುತದಿಂದ. 1998ರ ಸೆಪ್ಟೆಂಬರಿನಲ್ಲಿ ಜಾರ್ಜಸ್ ಚಂಡಮಾರುತ ಡೊಮಿನಿಕನ್ ರಿಪಬ್ಲಿಕ್‌ಗೆ ಬಡಿದು, ಫುಯೆಂತೆಯವರ ಎಲೆ ಒಣಗಿಸುವ ಕೊಟ್ಟಿಗೆಗಳು ನೆಲಕಚ್ಚಿದವು. ಅವರ ಹೆಸರಾಂತ ಓಪಸ್ ಎಕ್ಸ್ ಸಿಗಾರ್‌ಗೆ ಒಳಗೆ ತುಂಬುವ ಎಲೆ ಇತ್ತು, ಮೇಲೆ ಸುತ್ತುವ ಎಲೆ ಸಾಲಲಿಲ್ಲ. ಆಗ ಕನೆಕ್ಟಿಕಟ್ ಬ್ರಾಡ್‌ಲೀಫ್ ಅನ್ನುವ ಅಗಲ, ದಪ್ಪ ತಂಬಾಕಿನ ಎಲೆ ತೆಗೆದುಕೊಂಡು, ಕೊನ್ಯಾಕ್ (ಫ್ರಾನ್ಸಿನ ಬ್ರಾಂಡಿ) ಪೀಪಾಯಿಗಳಲ್ಲಿಟ್ಟು ಹದ ಮಾಡಿ ಸುತ್ತಿದರು. 2000ದಲ್ಲಿ ಅದು ಅಂಗಡಿಗೆ ಬಂತು. ಕೊರತೆ ನೀಗಿಸಲು ಮಾಡಿದ ಮಾಲಿಗೇ ಈಗ ಕೊರತೆ!

ನನಗೆ ಸಿಕ್ಕಿದ್ದು ಅನ್ಯೆಹೋದಲ್ಲೇ ಒಂದು ಆಕಾರ, 77ನೇ ನಂಬರಿನ ಶಾರ್ಕ್. ಬಾಯಿಗಿಡುವ ತುದಿ ಚೂಪು, ದುಂಡಗೆ. ಹೊತ್ತಿಸುವ ತುದಿ ಚೌಕ. ಹೊರ ಎಲೆ ದಪ್ಪ, ಒರಟು, ಬೆರಳಿಗೆ ಎಣ್ಣೆ ಹತ್ತುತ್ತದೆ. ಪಾದ್ರೋನ್ ಉದ್ದಕ್ಕೂ ಚೌಕವಾಗಿ ಒತ್ತಿದ್ದು, ನೀಟು. ನಕಲಿ ಹಾವಳಿ ತಡೆಯಲು ಅಂತ ಸುತ್ತಿದ ಕಾಗದದ ಪಟ್ಟಿಯ ಮೇಲೆ ನಂಬರ್ ಬೇರೆ ಹಾಕಿರುತ್ತಾರೆ.

ಎರಡರ ಹೊರ ಎಲೆಯೂ ಕಪ್ಪು. ಇಷ್ಟು ಕಪ್ಪಗಿದ್ದರೆ ತಲೆ ತಿರುಗುತ್ತೆ ಅಂತ ಹಲವರಿಗೆ ಭಯ. ಆ ಬಣ್ಣ ಬರುವುದು ಎಲೆಯನ್ನು ರಾಶಿ ಹಾಕಿ ಹುದುಗಿಸುವುದರಿಂದ. ರಾಶಿ ತಾನಾಗೇ ಕಾವೇರುತ್ತದೆ. ಅದನ್ನು ಕೆಡವಿ, ಅಡಿಮೇಲು ಮಾಡಿ, ಮತ್ತೆ ಒಟ್ಟುತ್ತಾರೆ. ಇದರಿಂದ ಘಾಟು ಇಳಿದು ರುಚಿ ಸಿಹಿಯತ್ತ ವಾಲುತ್ತದೆ. ತಲೆಗೆ ಏರುವ ಸತ್ವ ಹೆಚ್ಚಾಗಿ ಒಳಗಿನ ಎಲೆಯದು.

ಶಾರ್ಕ್ ಹೊತ್ತಿಸುವ ಮುಂಚೆ ಮೂಸಿದರೆ ಒಣದ್ರಾಕ್ಷಿ ವಾಸನೆ. ಕೊನ್ಯಾಕ್ ಹುಡುಕಲು ಹೋಗಬೇಡಿ, ನನಗಂತೂ ಸಿಗಲಿಲ್ಲ. ಮೊದಲ ದಮ್ಮುಗಳಲ್ಲಿ ಕರಿಮೆಣಸು, ಮೂಗಿನಿಂದ ಹೊಗೆ ಬಿಟ್ಟರೆ ಕಣ್ಣಲ್ಲಿ ನೀರು. ಒಂದು ಇಂಚು ಉರಿದ ಮೇಲೆ ಮೆಣಸು ಹಿಂದೆ ಸರಿದು ಜೋನಿ ಬೆಲ್ಲದ ಸಿಹಿ ಬರುತ್ತದೆ. ತುಟಿ ಸವರಿಕೊಂಡರೂ ಗೊತ್ತಾಗುತ್ತೆ. ಆ ಹೊತ್ತಿನ ರುಚಿಗೆ ಪಾದ್ರೋನ್ ಸಾಟಿಯಲ್ಲ, ಇದರಲ್ಲಿ ಅನುಮಾನವಿಲ್ಲ. ತೊಂದರೆ ಶುರುವಾಗುವುದು ಆಮೇಲೆ. ಚೌಕ ದುಂಡಾಗುವ ಕಡೆ ಒಂದು ಪಕ್ಕ ಬೇಗ ಉರಿದು, ಇನ್ನೊಂದು ಪಕ್ಕ ದಪ್ಪ ಎಲೆ ಹಾಗೇ ನಿಂತುಬಿಡುತ್ತದೆ. ಲೈಟರ್ ಹಿಡಿದು ಸರಿಮಾಡಬೇಕು. ಸರಿಮಾಡಿದಾಗಲೆಲ್ಲ ಒಂದೆರಡು ದಮ್ಮು ಕಹಿ.

ಪಾದ್ರೋನ್‌ನದು ಬೇರೆ ಜಾತಿ. ಎಲೆಯೆಲ್ಲ ನಿಕರಾಗುವಾದ್ದು, ಕನಿಷ್ಠ ನಾಲ್ಕು ವರ್ಷ ಹದವಾದದ್ದು. ಕೋಕೋ, ಗಟ್ಟಿ ಡಿಕಾಕ್ಷನ್, ಸ್ವಲ್ಪ ಹುರಿಗಡಲೆ. ಉರಿಯುವ ಅಂಚು ಕೊನೆಯವರೆಗೂ ನೇರ, ಬೂದಿ ಗಟ್ಟಿ, ಲೈಟರ್ ಮತ್ತೆ ಮುಟ್ಟಬೇಕಿಲ್ಲ. ಏರಿಳಿತ ಮಾತ್ರ ಕಡಿಮೆ. ಮೊದಲರ್ಧದಲ್ಲಿ ಸಿಕ್ಕಿದ್ದೇ ಎರಡನೇ ಅರ್ಧದಲ್ಲೂ. ಸೇದುವಾಗ ಮೈಲ್ಡ್ ಅನಿಸುತ್ತೆ, ಏಳಲು ಹೋದಾಗ ಅದರ ಜೋರು ತಿಳಿಯುತ್ತೆ. ಖಾಲಿ ಹೊಟ್ಟೆಯಲ್ಲಿ ಬೇಡ.

ಸುಮ್ನೆ ರುಚಿಯೊಂದನ್ನೇ ಹಿಡಿದರೆ ಶಾರ್ಕ್ ಒಂದು ಕೈ ಮೇಲು. ಇಡೀ ಸಂಜೆಯ ಲೆಕ್ಕ ಹಿಡಿದರೆ ಪಾದ್ರೋನ್. ದುಡ್ಡು ಕೊಟ್ಟು ಮತ್ತೆ ತರುವುದೂ ಅದನ್ನೇ. ಅಪರೂಪಕ್ಕೆ ಸಿಗುತ್ತೆ ಅಂತಲೇ ಜನ ಅನ್ಯೆಹೋಗೆ ನಾಲ್ಕು ಅಂಕ ಜಾಸ್ತಿ ಕೊಡುತ್ತಾರೆ, ಅಲ್ವಾ? ಕಂಪನಿ ಹೇಳಿದ ಬೆಲೆಗೆ ಸಿಕ್ಕರೆ ಬಿಡಬೇಡಿ. ಅದರ ಒಂದೂವರೆ ಪಟ್ಟು ಕೇಳಿದರೆ ಮುಂದೆ ನಡೆಯಿರಿ. ಬ್ರಾಡ್‌ಲೀಫ್ ರುಚಿಯೇ ಬೇಕು ಅಂದರೆ ಲಿಗಾ ಪ್ರಿವಾಡಾ ನಂಬರ್ 9 ಅನ್ನುವ ಸಿಗಾರ್ ಇದೆ. ಹೊಗೆ ಇನ್ನೂ ದಟ್ಟ, ಹುಡುಕಾಟ ಕಡಿಮೆ.

ಮುಂದಿನ ಕ್ರಿಸ್‌ಮಸ್‌ಗೆ ಶಾರ್ಕ್ ಬಿಟ್ಟು ಅನ್ಯೆಹೋ 46 ಕೇಳುತ್ತೇನೆ. ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ 46 ಭಾಗದಷ್ಟು ದಪ್ಪ, ಪೂರ್ತಿ ದುಂಡು. ತೆಳ್ಳಗಿದ್ದಷ್ಟೂ ಹೊರ ಎಲೆಯ ಪಾಲು ಜಾಸ್ತಿ, ಆ ಬೆಲ್ಲದ ಸಿಹಿಯೂ ಜಾಸ್ತಿ ಇರಬೇಕು.