ಓವರ್‌ಕ್ಲಾಕ್ ಮಾಡಿದ್ದು ನಾನು, ಪ್ರಾಜೆಕ್ಟ್ ರಿಪೋರ್ಟ್ ಹೋಗಿದ್ದು ತಂಗಿಯದು

ಗ್ರಾಫಿಕ್ಸ್ ಕಾರ್ಡನ್ನು ಮೊದಲ ಸಲ ಓವರ್‌ಕ್ಲಾಕ್ ಮಾಡೋಣ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸೋಣ ಅಂತ ಕೂತಿದ್ದೀರಾ? ಸ್ಲೈಡರ್ ಮುಟ್ಟುವ ಮುಂಚೆ ದಯವಿಟ್ಟು ಇದನ್ನು ಓದಿ. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್, ಎಲ್ಲರೂ ಅದನ್ನೇ ಬಳಸುತ್ತಾರೆ ಅನ್ನುವವರಂತೂ ತಪ್ಪದೆ ಓದಿ.

ನನ್ನ ಹತ್ತಿರ ಇರುವುದು ಜಿಟಿಎಕ್ಸ್ 1660 ಸೂಪರ್ ಕಾರ್ಡ್. ಹೊಸ ಆಟಗಳಿಗೆ ಅದು ಸಾಲುತ್ತಿರಲಿಲ್ಲ, ಹೊಸ ಕಾರ್ಡ್ ತಗೊಳ್ಳುವಷ್ಟು ದುಡ್ಡೂ ಇರಲಿಲ್ಲ. ಒಂದು ಭಾನುವಾರ ರಾತ್ರಿ ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿಕೊಂಡೆ. ಸ್ಲೈಡರ್ ಎಳೆದು ಕಾರ್ಡಿನ ವೇಗ ಬದಲಾಯಿಸುವ ಸಾಫ್ಟ್‌ವೇರ್ ಅದು. ಇದೇ ಕಾರ್ಡಿಗೆ ಕೋರ್ (ಮುಖ್ಯ ಚಿಪ್) +150, ಮೆಮೊರಿ +1000 ಮೆಗಾಹರ್ಟ್ಸ್ ಅಂತ ಒಂದು ವಿಡಿಯೋದಲ್ಲಿ ನೋಡಿದ್ದೆ. ಎರಡನ್ನೂ ಒಟ್ಟಿಗೇ ಹಾಕಿದೆ. ಹತ್ತು ನಿಮಿಷ ಆಡಿದೆ. ಸೆಕೆಂಡಿಗೆ 71 ಫ್ರೇಮ್ (ಚಿತ್ರ) ಬರುತ್ತಿದ್ದ ಜಾಗದಲ್ಲಿ 76 ಬಂತು. ಶಾಖ 70 ಡಿಗ್ರಿ ದಾಟಲಿಲ್ಲ. ಎಲ್ಲ ಸರಿಯಾಗಿದೆ ಅಂದುಕೊಂಡು, ಕಂಪ್ಯೂಟರ್ ಆನ್ ಆದಾಗಲೆಲ್ಲ ಇದೇ ಸೆಟ್ಟಿಂಗ್ ತಾನಾಗಿ ಕೂರುವ ಹಾಗೆ ‘ಸ್ಟಾರ್ಟಪ್’ ಬಟನ್ನೂ ಒತ್ತಿ ಮಲಗಿದೆ. ನಾನು ಮಾಡಿದ ದೊಡ್ಡ ತಪ್ಪು ಆ ಬಟನ್ ಒತ್ತಿದ್ದು.

ಮರುದಿನ ನಾನು ಆಫೀಸಿಗೆ ಹೋಗಿದ್ದೆ. ತಂಗಿ ಇಂಜಿನಿಯರಿಂಗ್ ಕೊನೇ ವರ್ಷ, ಪ್ರಾಜೆಕ್ಟ್ ರಿಪೋರ್ಟ್ ಬರೆಯುತ್ತಿದ್ದಳು. ಹನ್ನೊಂದು ಗಂಟೆ ಹೊತ್ತಿಗೆ ಫೋನ್ ಬಂತು. "ಅಣ್ಣಾ, ಸ್ಕ್ರೀನ್ ಕಪ್ಪಾಗಿದೆ. ಫ್ಯಾನ್ ತಿರುಗ್ತಾನೇ ಇದೆ. ಏನ್ ಮಾಡ್ಲಿ?" ಪವರ್ ಬಟನ್ ಒತ್ತಿ ಹಿಡಿ, ಆಫ್ ಆಗುತ್ತೆ, ಮತ್ತೆ ಆನ್ ಮಾಡು ಅಂದೆ. ಅವಳು ಹಾಗೇ ಮಾಡಿದಳು. ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನ್. ಮತ್ತೆ ಅದನ್ನೇ ಹೇಳಿದೆ. ರಾತ್ರಿ ನಾನು ಮಾಡಿದ ಕೆಲಸಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ನನಗೆ ಹೊಳೆಯಲೇ ಇಲ್ಲ. ಅವಳು ಆಡುತ್ತಿದ್ದದ್ದು ಗೇಮ್ ಅಲ್ಲವಲ್ಲ, ಬರೀ ಬ್ರೌಸರ್ ಮತ್ತು ವರ್ಡ್.

ನಾಲ್ಕನೇ ಸಲ ಆನ್ ಮಾಡಿದಾಗ ಫೈಲ್ ತೆರೆಯಲಿಲ್ಲ. ಸಂಜೆ ನಾನು ಬಂದು ನೋಡಿದೆ. ಫೈಲ್ ಅಲ್ಲೇ ಇತ್ತು, ಹೆಸರೂ ಅದೇ, ಸೈಜೂ ಅಷ್ಟೇ. ಒಳಗೆ ಮಾತ್ರ ಒಂದಕ್ಷರ ಇರಲಿಲ್ಲ. ಪೂರ್ತಿ ಸೊನ್ನೆ. ಸೇವ್ ಮಾಡಿದ್ದು ಡಿಸ್ಕಿಗೆ ಪೂರ್ತಿ ಇಳಿಯುವ ಮೊದಲೇ ಕರೆಂಟ್ ಕಿತ್ತರೆ ಹೀಗೂ ಆಗುತ್ತದೆ. ಹಳೇ ಪ್ರತಿ ಅಂತ ಸಿಕ್ಕಿದ್ದು ಅವಳು ಗೈಡ್‌ಗೆ ಮೂರು ವಾರದ ಹಿಂದೆ ಮೇಲ್ ಮಾಡಿದ್ದು ಮಾತ್ರ. ಅವಳು ನನಗೆ ಬೈಯಲಿಲ್ಲ. ಸುಮ್ನೆ ಕೂತು ಮೊದಲಿಂದ ಟೈಪ್ ಮಾಡೋಕೆ ಶುರು ಮಾಡಿದಳು. ನನಗೆ ಅದೇ ಜಾಸ್ತಿ ಸಂಕಟ ಆಯಿತು.

ಓವರ್‌ಕ್ಲಾಕ್ ಅಂದರೆ ಎಲ್ಲರೂ ಹೆದರುವುದು ಕಾರ್ಡ್ ಸುಟ್ಟುಹೋಗುತ್ತೆ ಅಂತ. ಈಗಿನ ಕಾರ್ಡುಗಳು ತಮ್ಮನ್ನು ತಾವು ಚೆನ್ನಾಗಿಯೇ ಕಾಪಾಡಿಕೊಳ್ಳುತ್ತವೆ. ಬಿಸಿ ಜಾಸ್ತಿಯಾದರೆ ವೇಗ ಇಳಿಸುತ್ತವೆ, ವೋಲ್ಟೇಜ್ ಒಂದು ಮಿತಿ ದಾಟೋಕೆ ಬಿಡುವುದಿಲ್ಲ. ನನ್ನ ಕಾರ್ಡಿಗೆ ಇವತ್ತಿಗೂ ಏನೂ ಆಗಿಲ್ಲ. ಆದರೆ ಕಾರ್ಡ್ ಕೈಕೊಟ್ಟ ಹೊತ್ತಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ತೆರೆದಿರುವ ಕೆಲಸವನ್ನು ಕಾಪಾಡುವವರು ಯಾರೂ ಇಲ್ಲ.

ಆಟದಲ್ಲಿ ಸರಿಯಿದ್ದದ್ದು ವರ್ಡ್‌ನಲ್ಲಿ ಯಾಕೆ ಬಿತ್ತು? ಇದು ಗೊತ್ತಾಗೋಕೆ ನನಗೆ ಒಂದು ವಾರ ಹಿಡಿಯಿತು. ಕಾರ್ಡ್ ಸದಾ ಒಂದೇ ವೇಗದಲ್ಲಿ ಓಡುವುದಿಲ್ಲ. ಕೆಲಸ ಕಡಿಮೆ ಇದ್ದಾಗ ಕಡಿಮೆ ವೋಲ್ಟೇಜ್, ಕಡಿಮೆ ವೇಗ. ಕೆಲಸ ಬಂದ ಕೂಡಲೇ ಎರಡೂ ಮೇಲಕ್ಕೆ ಹೋಗುತ್ತವೆ. ಕೋರ್‌ಗೆ +150 ಹಾಕಿದರೆ ಆಟದ ವೇಗಕ್ಕೆ ಮಾತ್ರ 150 ಮೆಗಾಹರ್ಟ್ಸ್ ಸೇರುವುದಲ್ಲ, ಈ ಏರಿಳಿತದ ಗೆರೆ ಪೂರ್ತಿ ಮೇಲೆ ಸರಿಯುತ್ತದೆ. ಪೂರ್ತಿ ವೋಲ್ಟೇಜ್ ಇದ್ದಾಗ ತಡೆದುಕೊಂಡದ್ದನ್ನು ಕಡಿಮೆ ವೋಲ್ಟೇಜಿನಲ್ಲಿ ತಡೆದುಕೊಳ್ಳೋಕೆ ಆಗದೇ ಇರಬಹುದು. ತಂಗಿ ಬ್ರೌಸರಿನಲ್ಲಿ ಒಂದು ವಿಡಿಯೋ ತೆರೆದಾಗ, ಒಂದು ವಿಂಡೋ ದೊಡ್ಡದು ಮಾಡಿದಾಗ, ಕಾರ್ಡ್ ಕ್ಷಣ ಹೊತ್ತು ಮೇಲಕ್ಕೆ ಹಾರಿ ಅಲ್ಲೇ ಎಡವುತ್ತಿತ್ತು. ಕಾರ್ಡ್ ಎರಡು ಸೆಕೆಂಡ್ ಉತ್ತರ ಕೊಡದಿದ್ದರೆ ವಿಂಡೋಸ್ ಗ್ರಾಫಿಕ್ಸ್ ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ಸಾಫ್ಟ್‌ವೇರನ್ನು, ಹೊಸದಾಗಿ ಎಬ್ಬಿಸಲು ನೋಡುತ್ತದೆ. ಅದೃಷ್ಟ ಇದ್ದರೆ ಸ್ಕ್ರೀನ್ ಒಮ್ಮೆ ಮಿಣುಕಿ ಸರಿಹೋಗುತ್ತದೆ. ಇಲ್ಲದಿದ್ದರೆ ಕಪ್ಪು.

ಹಾಗೆ ಕಪ್ಪಾದರೆ ದಯವಿಟ್ಟು ಪವರ್ ಬಟನ್ ಒತ್ತಿ ಹಿಡಿಯಬೇಡಿ. ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಜೊತೆಗೆ ಬಿ ಒತ್ತಿ. ಅದು ಗ್ರಾಫಿಕ್ಸ್ ಡ್ರೈವರನ್ನು ಮಾತ್ರ ರೀಸ್ಟಾರ್ಟ್ ಮಾಡುತ್ತದೆ, ನಿಮ್ಮ ಕೆಲಸ ಉಳಿಯುವ ಸಾಧ್ಯತೆ ಇದೆ. ಆಗಲಿಲ್ಲವಾ? ಒಂದು ನಿಮಿಷ ಕಾಯಿರಿ. ಎಷ್ಟೋ ಸಲ ಸ್ಕ್ರೀನ್ ಹೋದರೂ ಒಳಗೆ ವಿಂಡೋಸ್ ಬದುಕೇ ಇರುತ್ತದೆ. ಆಮೇಲೆ ಬಟನ್ನನ್ನು ಒಮ್ಮೆ ಸುಮ್ನೆ ತಟ್ಟಿ ಬಿಡಿ. ತಾನಾಗಿ ಶಟ್‌ಡೌನ್ ಆದರೂ ಆಗಬಹುದು. ಒತ್ತಿ ಹಿಡಿಯುವುದು ಬೇರೆ ದಾರಿಯೇ ಇಲ್ಲ ಅಂದಾಗ.

ಮತ್ತೆ ಆನ್ ಮಾಡಿದಾಗ ಲಾಗಿನ್ ಸ್ಕ್ರೀನಿನಲ್ಲೇ ನಿಲ್ಲಿ. ಶಿಫ್ಟ್ ಹಿಡಿದುಕೊಂಡು ರೀಸ್ಟಾರ್ಟ್ ಒತ್ತಿದರೆ ಸೇಫ್ ಮೋಡ್‌ಗೆ (ಬೇಕೇಬೇಕಾದದ್ದನ್ನು ಮಾತ್ರ ಇಟ್ಟುಕೊಂಡು ವಿಂಡೋಸ್ ಓಡುವ ರೀತಿ) ಹೋಗುವ ದಾರಿ ಸಿಗುತ್ತದೆ. ಅಲ್ಲಿ ಆಫ್ಟರ್‌ಬರ್ನರ್ ತೆಗೆದುಹಾಕಿ. ತೆಗೆಯುವಾಗ ಹಳೇ ಸೆಟ್ಟಿಂಗ್ ಉಳಿಸಿಕೊಳ್ಳಲಾ ಅಂತ ಕೇಳುತ್ತದೆ. ಬೇಡ ಅನ್ನಿ.

ಇಷ್ಟಾದ ಮೇಲೂ ನಾನು ಓವರ್‌ಕ್ಲಾಕ್ ಬಿಟ್ಟಿಲ್ಲ. ಮಾಡುವ ರೀತಿ ಬದಲಾಯಿಸಿದೆ. ಈ ಸಲ ಕೋರ್ ಪರೀಕ್ಷೆ ಮುಗಿಯುವವರೆಗೆ ಮೆಮೊರಿ ಮುಟ್ಟಲಿಲ್ಲ. ಕೋರ್ ಒಂದನ್ನೇ 25ರಂತೆ ಏರಿಸಿದೆ. ಪ್ರತಿ ಮೆಟ್ಟಿಲಿಗೂ ಯೂನಿಜಿನ್ ಸೂಪರ್‌ಪೊಸಿಷನ್ ಅನ್ನುವ ಬೆಂಚ್‌ಮಾರ್ಕ್ (ಕಾರ್ಡನ್ನು ದುಡಿಸಿ ಸ್ಕೋರ್ ಕೊಡುವ ಪರೀಕ್ಷೆ) ಅರ್ಧ ಗಂಟೆ ಓಡಿಸಿ, ಆಮೇಲೆ ಬ್ರೌಸರಿನಲ್ಲಿ ವಿಡಿಯೋ ಹಾಕಿ ಬಿಡುತ್ತಿದ್ದೆ. +100ಕ್ಕೆ ಮತ್ತೆ ಬಿತ್ತು. ವಿಡಿಯೋದವರ 150 ಎಲ್ಲಿ, ನನ್ನ ಕಾರ್ಡಿನ 100 ಎಲ್ಲಿ! ಒಂದೇ ಮಾಡೆಲ್ ಆದರೂ ಎರಡು ಚಿಪ್ ಒಂದೇ ಥರ ಇರುವುದಿಲ್ಲ. ಇನ್ನೊಬ್ಬರ ನಂಬರ್ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನನ್ನದು ಈಗ ಕೋರ್ +60, ಮೆಮೊರಿ +400.

ಮೆಮೊರಿ ವಿಷಯದಲ್ಲಿ ಇನ್ನೊಂದು ಮಾತು. ಆರ್‌ಟಿಎಕ್ಸ್ 3080 ಥರದ ಕಾರ್ಡುಗಳಲ್ಲಿ ಮೆಮೊರಿಯನ್ನು ಜಾಸ್ತಿ ಎಳೆದರೂ ಸ್ಕ್ರೀನಿನ ಮೇಲೆ ತಕ್ಷಣ ಚುಕ್ಕೆ, ಗೆರೆ ಕಾಣುವುದಿಲ್ಲ. ತಪ್ಪಾದ ಡೇಟಾವನ್ನು ಅದು ತಾನೇ ಮತ್ತೆ ಕಳಿಸುತ್ತದೆ. ಅದಕ್ಕೇ ಸಮಯ ಹೋಗುತ್ತದೆ. ಹಾಗಾಗಿ ಸ್ಲೈಡರಿನ ನಂಬರ್ ಏರುತ್ತದೆ, ಫ್ರೇಮ್ ಇಳಿಯುತ್ತದೆ. ಬೆಂಚ್‌ಮಾರ್ಕ್ ಸ್ಕೋರನ್ನು ಪ್ರತಿ ಸಲ ಬರೆದಿಟ್ಟುಕೊಳ್ಳಿ.

ಚಳಿಗಾಲದಲ್ಲಿ ಕೂರಿಸಿದ ನಂಬರನ್ನು ಏಪ್ರಿಲ್‌ನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿ. ನಮ್ಮದು ಕಲಬುರಗಿ, ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಮೊದಲು ಫ್ಯಾನಿನ ಧೂಳು ತೆಗೆಯಿರಿ. ಕಾರ್ಡ್ ತಣ್ಣಗಿದ್ದರೆ ತಾನಾಗಿಯೇ ಸ್ವಲ್ಪ ಮೇಲೆ ಓಡುತ್ತದೆ, ಅದಕ್ಕೆ ಸ್ಲೈಡರೂ ಬೇಕಿಲ್ಲ. ಆಫ್ಟರ್‌ಬರ್ನರನ್ನು ಎಂಎಸ್‌ಐ ಸೈಟಿನಿಂದಲೇ ಇಳಿಸಿಕೊಳ್ಳಿ. ಅದೇ ಹೆಸರಿನ ನಕಲಿ ಸೈಟುಗಳು ಮೈನಿಂಗ್ ವೈರಸ್ (ನಿಮ್ಮ ಕಂಪ್ಯೂಟರಿನಲ್ಲಿ ಬೇರೆಯವರಿಗೆ ಕ್ರಿಪ್ಟೋ ದುಡಿಯುವಂಥದ್ದು) ತುಂಬಿ ಕಳಿಸಿದ ಪ್ರಕರಣಗಳಿವೆ.

ಆ ‘ಸ್ಟಾರ್ಟಪ್’ ಬಟನ್ ನನ್ನ ಕಂಪ್ಯೂಟರಿನಲ್ಲಿ ಈಗಲೂ ಆಫ್ ಇದೆ. ಆಡುವಾಗ ನಾನೇ ಪ್ರೊಫೈಲ್ (ಉಳಿಸಿಟ್ಟ ಸೆಟ್ಟಿಂಗ್) ಹಾಕಿಕೊಳ್ಳುತ್ತೇನೆ, ಏಳುವಾಗ ತೆಗೆಯುತ್ತೇನೆ. ತಂಗಿ ರಿಪೋರ್ಟ್ ಕೊಟ್ಟಳು, ಕೊನೇ ದಿನ, ಎರಡು ರಾತ್ರಿ ನಿದ್ದೆ ಬಿಟ್ಟು. ಕೊನೇ ಮೂವತ್ತು ಪುಟ ನಾನು ಟೈಪ್ ಮಾಡಿಕೊಟ್ಟೆ.