ಊಟಕ್ಕೆ ಕೂಪನ್ ಹುಡುಕುವ ಎಐ ಟೂಲ್: ಏಳು ತಿಂಗಳು ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಈ ಟೂಲ್ ನನಗೆ ಇಷ್ಟ. ಆದರೆ ಮೊದಲ ಎರಡು ತಿಂಗಳು ಇದರಿಂದ ನಮ್ಮ ಮನೆಯಲ್ಲಿ ಒಂದು ರೂಪಾಯಿಯೂ ಉಳಿಯಲಿಲ್ಲ, ಖರ್ಚೇ ಜಾಸ್ತಿಯಾಯಿತು. ಯಾಕೆ ಅಂತ ಗೊತ್ತಾದ ಮೇಲೆ ಸರಿಹೋಯಿತು. ಅದನ್ನೇ ಬರೆಯುತ್ತಿದ್ದೇನೆ.

ಇದು ಬೇರೆ ಆ್ಯಪ್ ಅಲ್ಲ. ನೀವು ಈಗಾಗಲೇ ಬಳಸುತ್ತಿರುವ ಎಐ ಏಜೆಂಟ್‌ಗೆ, ಅಂದರೆ ನಾವು ಹೇಳಿದ ಕೆಲಸವನ್ನು ತಾನೇ ಮಾಡುವ ಎಐಗೆ, ಎಂಸಿಪಿ ಮೂಲಕ ಜೋಡಿಸಿಕೊಳ್ಳಬೇಕು. ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್) ಅಂದರೆ 2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್ ಅನ್ನುವ ಎಐ ಕಂಪನಿ ಹೊರತಂದ ಪದ್ಧತಿ, ಯಾವ ಏಜೆಂಟ್ ಆದರೂ ಯಾವ ಟೂಲ್ ಜೊತೆಗಾದರೂ ಮಾತಾಡುವುದಕ್ಕೆ. 'ಮೂರು ಜನಕ್ಕೆ ರಾತ್ರಿ ಊಟ, 400 ರೂಪಾಯಿ ಒಳಗೆ' ಅಂತ ಬರೆದರೆ ಏಜೆಂಟ್ ನಮ್ಮ ಏರಿಯಾ, ಹೋಟೆಲ್, ಬಿಲ್ ಮೊತ್ತ ಎಲ್ಲ ಟೂಲ್‌ಗೆ ಕೊಡುತ್ತದೆ. ಯಾವ ಕೂಪನ್ ನಡೆಯುತ್ತದೆ, ಮಿನಿಮಮ್ ಆರ್ಡರ್ ಎಷ್ಟು, ಯಾವ ಬ್ಯಾಂಕ್ ಕಾರ್ಡ್ ಬೇಕು ಅಂತ ಟೂಲ್ ಹೇಳುತ್ತದೆ. ಮನೆ ವಿಜಯನಗರದಲ್ಲಿ. ಅಕ್ಕನಿಗೆ ನೈಟ್ ಶಿಫ್ಟ್, ಅಮ್ಮನಿಗೆ ಮಂಡಿ ನೋವು, ವಾರಕ್ಕೆ ಮೂರು ಸಲವಾದರೂ ಹೊರಗಿಂದ ತರಿಸುತ್ತೇವೆ.

ಮೊದಲ ತಿಂಗಳು ಬಂದ ಕೋಡ್‌ಗಳಲ್ಲಿ ಅರ್ಧ ಹಳಸಲು. ಡೇಟ್ ಮುಗಿದಿದ್ದು, ಇಲ್ಲವೇ ಹೊಸ ಗ್ರಾಹಕರಿಗೆ ಮಾತ್ರ ಇರೋದು. ಒಂದರ ಹಿಂದೆ ಒಂದು ಹಾಕಿ ನೋಡಿ ನೋಡಿ, ಆ ಊಟದ ಆ್ಯಪ್ ಒಂದು ಇಡೀ ದಿನ ನನಗೆ ಕೂಪನ್ ಹಾಕುವುದಕ್ಕೇ ಬಿಡಲಿಲ್ಲ. ಆಮೇಲಿನ ಅಪ್‌ಡೇಟ್‌ನಲ್ಲಿ ಇದು ಸರಿಯಾಯಿತು, ಈಗ ನಮ್ಮ ಅಕೌಂಟ್‌ನಲ್ಲಿ ಕಾಣುವ ಕೂಪನ್‌ಗಳನ್ನಷ್ಟೇ ನೋಡುತ್ತದೆ.

ದೊಡ್ಡ ತೊಂದರೆ ಬೇರೆಯೇ ಇತ್ತು. 'ಅತಿ ಒಳ್ಳೆಯ ಕೂಪನ್ ಹುಡುಕು' ಅಂದರೆ ಅದು ಅತಿ ದೊಡ್ಡ ಡಿಸ್ಕೌಂಟ್ ಹುಡುಕುತ್ತದೆ. ಒಂದು ದಿನ ನಮ್ಮ ಆರ್ಡರ್ 240 ರೂಪಾಯಿ. 60 ರೂಪಾಯಿ ಕೂಪನ್ ಸಿಗಬೇಕಾದರೆ 299 ಆಗಬೇಕು ಅಂತ ಏಜೆಂಟ್ ತಾನೇ 70 ರೂಪಾಯಿಯ ಜಾಮೂನು ಸೇರಿಸಿತು. ಲೆಕ್ಕ ಹಾಕಿ, 310ರಲ್ಲಿ 60 ಹೋದರೆ 250. ಹತ್ತು ರೂಪಾಯಿ ಜಾಸ್ತಿ ಕೊಟ್ಟು, ಸಕ್ಕರೆ ಕಾಯಿಲೆ ಇರುವ ಅಮ್ಮನ ಮುಂದೆ ಜಾಮೂನಿನ ಡಬ್ಬಿ ಇಟ್ಟ ಹಾಗಾಯಿತು. 'ಇದನ್ನ ಯಾರೋ ತರಿಸು ಅಂದಿದ್ದು?' ಅಂದರು. ನನಗೆ ನಿಜವಾಗಲೂ ಬೇಜಾರಾಯಿತು.

ಇನ್ನೊಂದು ಸಲ 100 ರೂಪಾಯಿ ಡಿಸ್ಕೌಂಟ್ ಅಂತ ದೂರದ ಹೋಟೆಲ್ ಆರಿಸಿತು. ಊಟ 380, ಡಿಸ್ಕೌಂಟ್ ಕಳೆದು 280. ಅದಕ್ಕೆ ಪ್ಯಾಕಿಂಗ್ 40, ಡೆಲಿವರಿ 45, ಪ್ಲಾಟ್‌ಫಾರ್ಮ್ ಫೀ, ಊಟಕ್ಕೆ 5% ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಡೆಲಿವರಿ ಚಾರ್ಜ್ ಮೇಲೂ 18%. ಕೈಯಿಂದ ಹೋಗಿದ್ದು 407. ಮನೆ ಹತ್ತಿರದ ಹೋಟೆಲ್‌ನಲ್ಲಿ ಬರೀ 40 ರೂಪಾಯಿ ಕೂಪನ್ ಇತ್ತು, ಅಲ್ಲಿ ಎಲ್ಲ ಸೇರಿ 351ಕ್ಕೆ ಮುಗಿಯುತ್ತಿತ್ತು.

ಆವತ್ತೇ ಸೆಟ್ಟಿಂಗ್‌ನಲ್ಲಿ ಎರಡು ಸಾಲು ಬರೆದೆ. ಡಿಸ್ಕೌಂಟ್ ಎಷ್ಟು ಅಂತ ಹೇಳಬೇಡ, ಕೊನೆಗೆ ಕಟ್ಟುವ ಮೊತ್ತ ಹೇಳು. ನಾನು ಕೇಳದ ಯಾವ ಐಟಮ್ಮೂ ಸೇರಿಸಬೇಡ. ಅಲ್ಲಿಂದ ಈ ಟೂಲ್ ಉಪಯೋಗಕ್ಕೆ ಬಂತು. ಈಗ ಕೂಪನ್ ಇಲ್ಲದ ಹೋಟೆಲನ್ನೂ ಮುಂದಿಡುತ್ತದೆ, ಅದೇ ಅಗ್ಗ ಆಗಿದ್ದರೆ.

ಆದರೆ ಇದರಿಂದ ಇನ್ನೊಂದು ತಪ್ಪಾಯಿತು, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಿಲ್ ಕಡಿಮೆ ಮಾಡು ಅಂದಿದ್ದಕ್ಕೆ ಏಜೆಂಟ್ ಡೆಲಿವರಿ ಹುಡುಗರಿಗೆ ನಾವು ಯಾವಾಗಲೂ ಹಾಕುವ 20 ರೂಪಾಯಿ ಟಿಪ್ಸನ್ನು ಸೊನ್ನೆ ಮಾಡಿತ್ತು. ಮೂರು ವಾರ ನಾನು ನೋಡಿಯೇ ಇರಲಿಲ್ಲ. ಮಳೆಯಲ್ಲಿ ಪೂರ್ತಿ ನೆಂದು ಬಂದ ಹುಡುಗನೊಬ್ಬನಿಗೆ ಅಮ್ಮ ಟವೆಲ್ ಕೊಟ್ಟು ನೀರು ಕೊಟ್ಟರು, ಅವನು ಹೋದ ಮೇಲೆ ಬಿಲ್ ತೆಗೆದು ನೋಡಿದರೆ ಟಿಪ್ಸ್ ಇಲ್ಲ. ಈಗ ಟಿಪ್ಸ್ ಮುಟ್ಟಲೇಬಾರದು ಅನ್ನುವುದು ಮೂರನೇ ಸಾಲು. ನೀವು ಹಾಕಿಕೊಳ್ಳುವುದಾದರೆ ದಯವಿಟ್ಟು ಇದನ್ನು ಮೊದಲನೇ ಸಾಲಾಗಿ ಬರೆಯಿರಿ.

ದುಡ್ಡು ಕಟ್ಟುವ ಕೆಲಸ ಮಾತ್ರ ಏಜೆಂಟ್ ಕೈಗೆ ಕೊಟ್ಟಿಲ್ಲ. ಕಾರ್ಟ್ ತನಕ ಅದರದ್ದು, ಯುಪಿಐ ಪಿನ್ ಒತ್ತುವುದು ನಾನೇ. ಹೊರಗಿನ ಪುಟಗಳಲ್ಲಿ ಏಜೆಂಟನ್ನು ದಾರಿ ತಪ್ಪಿಸುವುದಕ್ಕೆ ಅಂತಲೇ ಮಾತುಗಳನ್ನು ಅಡಗಿಸಿ ಇಡುವವರಿದ್ದಾರೆ, ಪ್ರಾಂಪ್ಟ್ ಇಂಜೆಕ್ಷನ್ ಅನ್ನುತ್ತಾರಲ್ಲ, ಅದು. ಕೂಪನ್ ಆಸೆಗೆ ಅಷ್ಟು ರಿಸ್ಕ್ ಬೇಡ ಅಲ್ವಾ?

ಹೋದ ತಿಂಗಳು ಲೆಕ್ಕ ನೋಡಿದೆ. ಹದಿಮೂರು ಆರ್ಡರ್, ಉಳಿದಿದ್ದು ಸುಮಾರು 600 ರೂಪಾಯಿ. ದಿನಾ ಹತ್ತು ನಿಮಿಷ ಆ್ಯಪ್ ತೆಗೆದು ಮುಚ್ಚುವ ಕೆಲಸ ತಪ್ಪಿದ್ದು ನನಗೆ ಅದಕ್ಕಿಂತ ದೊಡ್ಡದು.

ಟೂಲ್ ಮಾಡಿದವರಲ್ಲಿ ಒಂದೇ ಕೋರಿಕೆ. ಅಮ್ಮ ಕನ್ನಡದಲ್ಲಿ 'ಉಪ್ಪಿಟ್ಟು' ಅಂದರೆ ಇದಕ್ಕೆ ಏನೂ ಸಿಗುವುದಿಲ್ಲ, ಯಾಕೆಂದರೆ ಇಲ್ಲಿನ ಮೆನುಗಳಲ್ಲಿ ಅದು ಖಾರಾಬಾತ್. ಪ್ರತಿ ಸಲ ನಾನೇ ಹೆಸರು ಬದಲಿಸಿ ಬರೆಯಬೇಕು. ಇದೊಂದನ್ನು ಸರಿಮಾಡಿಕೊಟ್ಟರೆ ನಾನು ಆಫೀಸಿನಲ್ಲಿದ್ದಾಗಲೂ ಅಮ್ಮ ತಮಗೆ ಬೇಕಾದ್ದನ್ನು ತಾವೇ ಕೇಳಿಕೊಳ್ಳಬಹುದು.